ಅಧ್ಯಕ್ಷರ ಮನಿಯವರು

ನಮ್ಮೂರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನಾನು ಅಂಗಡಿ ಬಾಗಿಲು ತೆರೆಯುವುದು ಕಷ್ಟ. ಮೊರಬದ ಕಡೆ ಹೋಗುವ ಬಸ್ಸು ಹತ್ತಿ, ದಾರಿಯಲ್ಲಿ ಮೆಣಸಿನಕಾಯಿ ಕರಿದ ವಾಸನೆ ಬಂದು ಡ್ರೈವರ್ ತಾನಾಗಿಯೇ ಬ್ರೇಕು ತುಳಿದನೆಂದರೆ ಇಳಿಯಿರಿ, ಅದೇ ನಮ್ಮೂರು. ಆ ವಾಸನೆ ಮಲ್ಲಕ್ಕನದು. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಮುಂದೆ, ಗಟಾರಕ್ಕೆ ಮುಚ್ಚಿದ ಹಾಸುಗಲ್ಲಿನ ಮೇಲೆ, ತಗಡಿನ ಡಬ್ಬಿ ಅಂಗಡಿ ಇಟ್ಟುಕೊಂಡು ಅವಳು ಮಿರ್ಚಿ ಭಜಿ ಕರಿಯುತ್ತಾಳೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿದರೆ ಭಜಿ ಕೈಗೆ ಬರುವಷ್ಟು ಹತ್ತಿರ. ರಸ್ತೆಯ ಆಚೆಗೆ ಬೀಜ-ಗೊಬ್ಬರದ ಅಂಗಡಿ ನನ್ನದು. ನನ್ನ ಗಿರಾಕಿಗಳು ನನ್ನನ್ನು ಹುಡುಕಬೇಕಾದರೆ ಮಲ್ಲಕ್ಕನ ಬೆಂಚಿಗೇ ಬರುತ್ತಾರೆ.

ಮಲ್ಲಕ್ಕ ಕುಂದಗೋಳದ ಕಡೆಯ ಹೆಣ್ಣು. ಆ ಕಡೆಯವರಿಗೆ ಹುಟ್ಟುತ್ತಲೇ ಸಂಗೀತ ಬರುತ್ತದೆಂದು ಜನ ಹೇಳುತ್ತಾರೆ. ಮಲ್ಲಕ್ಕನಿಗೆ ಬಂದದ್ದು ದನಿ ಮಾತ್ರ. ಇಲ್ಲಿ ಕೂತು ಒಂದು ಮಾತು ಆಡಿದರೆ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಾರೆ. ಅವಳ ಗಂಡ ಮೊದಲು ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿಯ ಹಿಂದೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಾನೆ, ಮೆಣಸಿನಕಾಯಿ ಸೀಳುತ್ತಾನೆ, ಗಿರಾಕಿ ಹೆಚ್ಚಾದಾಗ ಕಾಗದದಲ್ಲಿ ಭಜಿ ಕಟ್ಟಿಕೊಡುತ್ತಾನೆ. ಊರಿಗೆಲ್ಲ ಅವನು ‘ಮಲ್ಲಕ್ಕನ ಗಂಡ’. ಅವನ ಹೆಸರು ಈರಬಸಪ್ಪ ಎಂದು ನನಗೆ ಗೊತ್ತಾದದ್ದೇ ಅವನ ಮಗಳ ಲಗ್ನಪತ್ರಿಕೆಯಲ್ಲಿ.

ಮಲ್ಲಕ್ಕನದೊಂದು ಹಟವಿತ್ತು. ಒಲೆಯ ಮುಂದೆ ಒಮ್ಮೆ ಕೂತಳೆಂದರೆ ಯಾರು ಬಂದರೂ ಏಳುತ್ತಿರಲಿಲ್ಲ. ಶಾಸಕರು ಓಟು ಕೇಳಲು ಬಂದಾಗ ಕೂತೇ ಕೈ ಮುಗಿದಳು. ತಹಶೀಲದಾರರು ಜೀಪಿನಿಂದಿಳಿದು ಬಂದಾಗಲೂ ಅಷ್ಟೇ. ಯಾರಾದರೂ ಕೇಳಿದರೆ “ಎಣ್ಣಿ ಕಾದೈತಿ” ಎನ್ನುತ್ತಿದ್ದಳು. ಎಣ್ಣೆ ಕಾಯದಿದ್ದಾಗಲೂ ಅದೇ ಮಾತು. ನನಗೆ ಇದು ಸೊಕ್ಕು ಎನಿಸುತ್ತಿತ್ತು. ನನ್ನನ್ನು ಕಂಡರೆ ಯಾರೂ ಏಳುವುದಿಲ್ಲವಾದ್ದರಿಂದ ಆ ಸೊಕ್ಕು ನನಗೆ ಒಳಗೊಳಗೇ ಇಷ್ಟವೂ ಆಗುತ್ತಿತ್ತು.

ಆ ಬೆಂಚಿನ ಮೇಲೆ ದಿನಾ ಸಂಜೆ ಪೇಪರ್ ಓದುವವನು ನಿಜಾಮಸಾಬ. ಅವನದು ಪಂಕ್ಚರ್ ಅಂಗಡಿ. ಪೇಪರಿಗೆ ದುಡ್ಡು ಕೊಟ್ಟ ಮೇಲೆ ಒಂದಕ್ಷರವನ್ನೂ ಬಿಡಬಾರದು ಎಂಬುದು ಅವನ ಮತ. ಟೆಂಡರ್ ಪ್ರಕಟಣೆಯನ್ನೂ ಗಟ್ಟಿಯಾಗಿ ಓದುತ್ತಾನೆ. ಓದಿ ಮುಗಿದ ಮೇಲೆ ಪೇಪರ್ ಮಲ್ಲಕ್ಕನ ರದ್ದಿಯ ರಾಶಿಗೆ ಸೇರಿ, ಮರುದಿನ ಭಜಿ ಕಟ್ಟಲು ಒದಗುತ್ತದೆ. ಆ ದಿನಗಳಲ್ಲಿ ಪೇಪರಿನ ತುಂಬ ಅಮೆರಿಕದ ಅಧ್ಯಕ್ಷರೇ. ಅವರು ಒಂದು ಆದೇಶ ಹೊರಡಿಸುವುದು, ಅಲ್ಲಿಯ ಯಾವುದೋ ಕೋರ್ಟು ಅದನ್ನು ತಡೆಯುವುದು, ಅವರು ಮೇಲಿನ ಕೋರ್ಟಿಗೆ ಹೋಗುವುದು. ನನಗೆ ಸಿಟ್ಟು ಬರುತ್ತಿತ್ತು. ಜನ ಓಟು ಹಾಕಿ ಕೂರಿಸಿದ ಮನುಷ್ಯನನ್ನು, ಒಂದು ಓಟೂ ಪಡೆಯದ ನ್ಯಾಯಾಧೀಶ ತಡೆಯುವುದೆಂದರೆ ಏನು? ನಿಜಾಮಸಾಬ ಸಂವಿಧಾನದ ಹೆಸರು ಹೇಳುತ್ತಿದ್ದ. ಅಲ್ಲಿಯ ಅಧ್ಯಕ್ಷರೇ ಸರಕಾರ ನಡೆಸುತ್ತಾರೆ, ನಮ್ಮ ರಾಷ್ಟ್ರಪತಿಗಳು ಮಂತ್ರಿಮಂಡಲ ಹೇಳಿದ ಹಾಗೆ ಸಹಿ ಮಾಡುತ್ತಾರೆ, ಬಹಳವೆಂದರೆ ಇನ್ನೊಮ್ಮೆ ವಿಚಾರ ಮಾಡಿರೆಂದು ಒಂದು ಸಲ ವಾಪಸ್ ಕಳಿಸಬಹುದು, ಆದರೆ ಇಬ್ಬರಿಗೂ ಗೆರೆ ಒಂದು ಇದ್ದೇ ಇದೆ ಎಂದು ವಾದಿಸುತ್ತಿದ್ದ. ಒಂದು ಸಂಜೆ ನಮ್ಮಿಬ್ಬರ ದನಿ ಏರಿದಾಗ ಮಲ್ಲಕ್ಕ ಎಣ್ಣೆಯಿಂದ ಭಜಿ ತೆಗೆಯುವ ಝಾರಿ ಎತ್ತಿ ಹಿಡಿದಳು.

“ಭಜಿ ಕರಿಯಾಕಿ ನಾನು. ಉಪ್ಪು ನೋಡಾಂವ ನನ್ನ ಗಂಡ. ನಾನ ಕರದು ನಾನ ಉಪ್ಪು ನೋಡಿದ್ರ ದಿನಾ ಎಲ್ಲಾ ಚಲೋನ ಅಂತೀನಿ.”

ಹಾಗಾದರೆ ಉಪ್ಪು ನೋಡುವವನೇ ಕರಿಯಲು ಕೂತರೆ ಏನಾಗುತ್ತದೆ ಎಂದು ನಾನು ಬಿಡದೆ ಕೇಳಿದೆ. ಹಿಂದಿನಿಂದ ಈರಬಸಪ್ಪ ಒಂದು ಕೈ ಎತ್ತಿ, ಹಿಂದೆ ಎಂದೋ ಸುಟ್ಟುಕೊಂಡಿದ್ದ ಕಲೆ ತೋರಿಸಿದ. ಅಲ್ಲಿಗೆ ಅಮೆರಿಕದ ವಿಚಾರ ಮುಗಿಯಿತು.

ಈಗ ನಮ್ಮೂರಿನ ಅಧ್ಯಕ್ಷರ ಸಂಗತಿ. ಈ ಸಲ ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಆರಿಸಿ ಬಂದವಳು ಮಹಾನಂದಾ, ನವಲಗುಂದದಲ್ಲಿ ಪಿಯುಸಿ ಓದಿದ ಹೆಣ್ಣುಮಗಳು. ಆದರೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಹಾರ ಹಾಕಿಸಿಕೊಂಡವನು ಅವಳ ಗಂಡ ಸುಭಾಸ. ಆಗ ಮಹಾನಂದಾ ಬಂದವರಿಗೆಲ್ಲ ಶಿರಾ ಮಾಡುತ್ತಿದ್ದಳು. ಮರುದಿನದಿಂದ ಪಂಚಾಯತಿಯ ದೊಡ್ಡ ಕುರ್ಚಿಯಲ್ಲಿ ಸುಭಾಸ, ಸುಭಾಸನ ಗಾಡಿಯ ಮೇಲೆ ‘ಅಧ್ಯಕ್ಷರು’ ಎಂಬ ಹಲಗೆ. ಫ್ಲೆಕ್ಸುಗಳಲ್ಲಿ ಅವನು ಆಳೆತ್ತರ ಕೈ ಮುಗಿದು ನಿಂತಿರುತ್ತಿದ್ದ, ಮೂಲೆಯಲ್ಲಿ ಅಂಚೆಚೀಟಿಯಷ್ಟು ಮಹಾನಂದಾ. ಸಹಿ ಬೇಕಾದಾಗ ಪಂಚಾಯತಿಯ ಸಿಪಾಯಿ ಅಲ್ಲಾವುದ್ದೀನ ಕಾಗದಗಳನ್ನು ಅಡಿಗೆಮನೆಗೆ ಒಯ್ಯುತ್ತಿದ್ದ. ಅವಳು ರೊಟ್ಟಿ ತಟ್ಟುವ ಕೈಯಲ್ಲೇ ಸಹಿ ಮಾಡುತ್ತಿದ್ದಳು. ನಮ್ಮ ಪಂಚಾಯತಿಯ ಯಾವ ಕಾಗದ ಝಾಡಿಸಿದರೂ ಆಗ ಜೋಳದ ಹಿಟ್ಟು ಉದುರುತ್ತಿತ್ತು.

ಊರೆಲ್ಲ ಸುಭಾಸನಿಗೆ ‘ಅಧ್ಯಕ್ಷರ’ ಎನ್ನುತ್ತಿತ್ತು. ನಾನೂ ಅನ್ನುತ್ತಿದ್ದೆ, ಗೊಬ್ಬರದ ಅಂಗಡಿಯವನಿಗೆ ಯಾರ ಉಸಾಬರಿಯೂ ಬೇಡ. ಮಲ್ಲಕ್ಕ ಮಾತ್ರ ಅನ್ನುತ್ತಿರಲಿಲ್ಲ. ಒಂದು ಸಂಜೆ ಹುಬ್ಬಳ್ಳಿಯ ಬಸ್ಸು ತುಂಬಿ ನಿಂತಿದ್ದಾಗ ಸುಭಾಸ ಬಿಳಿ ಬಟ್ಟೆಯಲ್ಲಿ ಗಾಡಿಯಿಂದ ಇಳಿದ. ಮಲ್ಲಕ್ಕ ತನ್ನ ಕೆರೆದಂಡೆಯ ದನಿಯಲ್ಲಿ ಗಂಡನಿಗೆ ಹೇಳಿದಳು:

“ಏ, ಅಧ್ಯಕ್ಷರ ಮನಿಯವರು ಬಂದಾರ, ಬೆಂಚ್ ಒರಸು.”

ನಮ್ಮ ಕಡೆ ಗಂಡ ಹೆಂಡತಿಯನ್ನು ಮನಿಯವರು ಎನ್ನುತ್ತಾನೆ, ಹೆಂಡತಿಯೂ ಗಂಡನಿಗೆ ಹಾಗೆಯೇ ಅನ್ನುತ್ತಾಳೆ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗೌರವ ಕೂಡ ಇತ್ತು. ಆದರೆ ಕಂಡಕ್ಟರ್ ನಕ್ಕ, ಅವನ ಹಿಂದೆ ಬಸ್ಸಿಗೆ ಬಸ್ಸೇ ನಕ್ಕಿತು. ಸುಭಾಸ ಭಜಿ ತಿನ್ನದೆ ಗಾಡಿ ಹತ್ತಿ ಹೋದ. ಅಷ್ಟು ಬಿಸಿ ಭಜಿ ಬಿಟ್ಟು ಹೋದನೆಂದರೆ ಏನೋ ಕೆಟ್ಟದ್ದು ಕಾದಿದೆ ಎಂದು ನನಗೆ ಆಗಲೇ ಅನ್ನಿಸಿತು.

ಮರುದಿನ ಅಲ್ಲಾವುದ್ದೀನ ಬಂದ. ಊರಿಗೆ ಸ್ವಾಗತ ಕಮಾನು ಕಟ್ಟುವುದಿದೆ, ಡಬ್ಬಿ ಅಂಗಡಿ ಗಟಾರದ ಮೇಲಿದೆ, ಸೋಮವಾರದೊಳಗೆ ಕಿತ್ತು ಊರ ಹೊರಗೆ ಒಯ್ಯಬೇಕು ಎಂದು ಅಧ್ಯಕ್ಷರ ಆದೇಶವಾಗಿದೆ ಎಂದು ಹೇಳಿದ. ಹೇಳುವಾಗ ತನ್ನ ಚಪ್ಪಲಿ ನೋಡುತ್ತಿದ್ದ. ಯಾವ ಅಧ್ಯಕ್ಷರ ಆದೇಶ ಎಂದು ಮಲ್ಲಕ್ಕ ಕೇಳಿದಳು.

“ಅದನ್ನ ನನ್ನ ಕೇಳಬ್ಯಾಡ ಯಕ್ಕಾ. ನಾ ಇಬ್ಬರ ಕೈಯಾಗೂ ನೌಕರಿ ಮಾಡಬೇಕು.”

ಮಲ್ಲಕ್ಕ ಬೈಯುತ್ತಾಳೆಂದು ನಾವು ಕಾದೆವು. ಬೈಯಲಿಲ್ಲ. ಕಡಲೆಹಿಟ್ಟು ಕಲಸುತ್ತಿದ್ದ ಕೈ ಬೋಗುಣಿಯಲ್ಲೇ ನಿಂತಿತು. ಊರ ಹೊರಗೆ ಬಸ್ಸು ನಿಲ್ಲುವುದಿಲ್ಲ, ಬಸ್ಸು ನಿಲ್ಲದ ಕಡೆ ಭಜಿ ಕೊಳ್ಳುವವರು ಯಾರು? ಆ ಡಬ್ಬಿಯೊಳಗೇ ಅವಳು ಮಗಳನ್ನು ಬೆಳೆಸಿದ್ದಳು, ಗಂಡನ ಮೊಣಕಾಲು ಸಾಕಿದ್ದಳು. ಅಂದಿನ ಭಜಿಗೆ ಉಪ್ಪು ಬಿದ್ದಿರಲಿಲ್ಲ. ಈರಬಸಪ್ಪ ಒಂದು ತಿಂದು ನೋಡಿ ಎಲ್ಲದರ ಮೇಲೂ ಉಪ್ಪು ಉದುರಿಸಿದ. ನನಗೆ ಸಂಕಟವಾಯಿತು. ಆದರೆ ಪಂಚಾಯತಿಗೆ ಹೋಗಿ ಒಂದು ಮಾತು ಆಡುವ ಧೈರ್ಯ ಆಗಲಿಲ್ಲ.

ಆಮೇಲೆ ನಡೆದದ್ದಕ್ಕೆ ಕಾರಣ ಒಂದು ಹಲ್ಲು. ಮಲ್ಲಕ್ಕನ ದವಡೆ ಹಲ್ಲು ಮೊದಲಿನಿಂದಲೇ ನೋಯುತ್ತಿತ್ತು. ಈ ಚಿಂತೆಯಲ್ಲಿ ನೋವು ತಡೆಯಲಾರದಷ್ಟಾಗಿ, ಮರುದಿನ ಬೆಳಿಗ್ಗೆ ಗಂಡನನ್ನು ಒಲೆಯ ಮುಂದೆ ಕೂರಿಸಿ, ತಲೆಗೆ ಸೆರಗು ಬಿಗಿದು, ಬಗಲಲ್ಲಿ ಚೀಲ ಹಿಡಿದು, ಗಂಟುಮುಖ ಹಾಕಿಕೊಂಡು ಧಾರವಾಡದ ಬಸ್ಸು ಹತ್ತಿದಳು. ನಮ್ಮ ಕಡೆ ಗಂಟುಮುಖದಲ್ಲಿ ಧಾರವಾಡಕ್ಕೆ ಹೊರಟವರಿಗೆ ಎರಡೇ ಕೆಲಸ. ಒಂದು, ತಲೆಯ ಆಸ್ಪತ್ರೆ. ಇನ್ನೊಂದು, ಹೈಕೋರ್ಟು. ಮಲ್ಲಕ್ಕನ ತಲೆ ನೆಟ್ಟಗಿರುವುದು ಊರಿಗೇ ಗೊತ್ತು. ಹಾಗಾಗಿ ಬಸ್ಸು ತಿರುವು ದಾಟುವ ಮೊದಲೇ ಮಲ್ಲಕ್ಕ ಅಧ್ಯಕ್ಷರ ಮೇಲೆ ಕೇಸು ಹಾಕಲು ಹೋದಳು ಎಂದಾಯಿತು. ಸಂಜೆ ತಿರುಗಿ ಬಂದಾಗ ನಿಜಾಮಸಾಬ, ಕೋರ್ಟಿನ ಕೆಲಸ ಆಯಿತೇ ಎಂದು ಕೇಳಿದ. ಬಾಯಿ ತುಂಬ ಅರಳೆ ಇದ್ದ ಮಲ್ಲಕ್ಕ ‘ಕೆಲಸ ಆಯಿತು’ ಎಂಬಷ್ಟಕ್ಕೆ ತಲೆಯಾಡಿಸಿದಳು. ಅಷ್ಟು ಸಾಕಾಯಿತು.

ಈ ಸುದ್ದಿ ಸುಭಾಸನಿಗೂ ಮುಟ್ಟಿತು. ಅವನು ನಗಾಡಿದನಂತೆ. ಆದರೆ ಮನುಷ್ಯನಿಗೆ ಅಧಿಕಾರ ಬಿಟ್ಟಿರುವುದು ಒಂದು ಕಷ್ಟವಾದರೆ, ಮಲ್ಲಕ್ಕನ ಭಜಿ ಬಿಟ್ಟಿರುವುದು ಇನ್ನೊಂದು. ಮರುದಿನ ಮಧ್ಯಾಹ್ನ, ಯಾರಿಗೆಂದು ಹೇಳಬೇಡ ಎಂದು ತಾಕೀತು ಮಾಡಿ, ಭಜಿ ತರಲು ಅಲ್ಲಾವುದ್ದೀನನನ್ನು ಕಳಿಸಿದ. ಈರಬಸಪ್ಪ ರದ್ದಿಯ ರಾಶಿಯ ಮೇಲಿನ ಹಾಳೆಯನ್ನು ಅರ್ಧಕ್ಕೆ ಹರಿದು ಭಜಿ ಕಟ್ಟಿಕೊಟ್ಟ. ಪಂಚಾಯತಿಯ ದೊಡ್ಡ ಕುರ್ಚಿಯಲ್ಲಿ ಕೂತು ಸುಭಾಸ ಪೊಟ್ಟಣ ಬಿಚ್ಚಿದ. ಎಣ್ಣೆ ಹೀರಿದ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಅಧ್ಯಕ್ಷರ ಆದೇಶಕ್ಕೆ ಕೋರ್ಟ್ ತಡೆ’. ಅದರ ಕೆಳಗೆ, ‘ಅಧಿಕಾರ ಮೀರಿದರೆ ಸಹಿಸಲಾಗದು: ನ್ಯಾಯಾಧೀಶರ ಎಚ್ಚರಿಕೆ’. ಮುಂದಿನದು ಹರಿದುಹೋಗಿತ್ತು.

ಅಧ್ಯಕ್ಷರು ಜಗತ್ತಿನಲ್ಲಿ ಬೇರೆಯವರೂ ಇರಬಹುದು ಎಂಬುದು ಸುಭಾಸನ ತಲೆಗೆ ಹೊಳೆಯಲೇ ಇಲ್ಲ. ಮಲ್ಲಕ್ಕ ಧಾರವಾಡಕ್ಕೆ ಹೋಗಿದ್ದಾಳೆ, ತಡೆಯಾಜ್ಞೆ ತಂದಿದ್ದಾಳೆ, ಪೇಪರಿನಲ್ಲೂ ಬಂದಿದೆ, ಅದನ್ನೇ ಭಜಿಗೆ ಸುತ್ತಿ ತನಗೆ ಕಳಿಸಿದ್ದಾಳೆ! ಮೆಣಸಿನಕಾಯಿ ಗಂಟಲಲ್ಲೇ ನಿಂತಿತು. ಅಲ್ಲಾವುದ್ದೀನ ಬೆನ್ನು ತಟ್ಟಿ ನೀರು ಕುಡಿಸಿದ. ಸುಭಾಸನಿಗೆ ಇನ್ನೊಂದು ಭಯವೂ ಇತ್ತು. ಅವನ ಆದೇಶಕ್ಕೆ ಸದಸ್ಯರ ಸಭೆ ಪಾಸು ಮಾಡಿದ ಠರಾವು ಇರಲಿಲ್ಲ, ಪಂಚಾಯತಿಯ ಅಧಿಕಾರಿ ಪಿಡಿಒ ಸಾಹೇಬರ ನೋಟೀಸು ಇರಲಿಲ್ಲ. ಬಾಯಿಮಾತು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಂದೇ ಹಿಂದಿನ ತಾರೀಖು ಹಾಕಿ ಒಂದು ಆದೇಶ ಬರೆಸಿ, ಅದನ್ನೂ ಭಜಿಯ ಕಾಗದವನ್ನೂ ಹಿಡಿದು ಮನೆಗೆ ಓಡಿದ.

ಮುಂದಿನದನ್ನು ಮಹಾನಂದಾ ತಾನೇ ನಮಗೆ ಹೇಳಿದ್ದಾಳೆ, ಇಬ್ಬರ ದನಿಯನ್ನೂ ತಾನೇ ಮಾಡಿ. ಅವಳು ರೊಟ್ಟಿ ತಟ್ಟುತ್ತಿದ್ದಳು. ಅವನು ಕಾಗದ ಮುಂದೆ ಹಿಡಿದು ಲಗೂನ ಸಹಿ ಮಾಡು ಎಂದ. ಅವನ ಅವಸರ ಕಂಡು, ಅಷ್ಟು ದಿನದಲ್ಲಿ ಮೊದಲ ಸಲ, ಅವಳು ಕೈ ತೊಳೆದುಕೊಂಡು ಕಾಗದ ಓದಿದಳು. ಕೋರ್ಟಿನ ಸಂಗತಿ ಕೇಳಿದಳು. ಕೋರ್ಟು ಕರೆದರೆ ಯಾರು ಹೋಗಬೇಕು ಎಂದಳು.

“ಯಾರಂದ್ರ? ನೀನ. ಅಧ್ಯಕ್ಷಿ ನೀನಲ್ಲಾ” ಎಂದ ಸುಭಾಸ.

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮಹಾನಂದಾ ಒಲೆ ಆರಿಸಿದಳು.

“ಹಾರ ಹಾಕ್ಕೊಳ್ಳಾಕ ನೀವು, ಕೋರ್ಟಿಗೆ ಹೋಗಾಕ ನಾನೇನ್ರಿ?”

ಸಹಿ ಮಾಡಲಿಲ್ಲ. ಇನ್ನೊಮ್ಮೆ ವಿಚಾರ ಮಾಡಿರಿ ಎಂದು ಕಾಗದವನ್ನು ಅವನ ಕಿಸೆಯಲ್ಲೇ ತುರುಕಿ, ಭಜಿಯ ಕಾಗದ ಹಿಡಿದು, ಚಪ್ಪಲಿ ಮೆಟ್ಟಿ, ನೇರ ಬಸ್ ಸ್ಟ್ಯಾಂಡಿಗೆ ಬಂದಳು. ಅವಳ ಹಿಂದೆ ಸಾಲ ಕೇಳಲು ಬಂದವನ ಹಾಗೆ ಸುಭಾಸ.

ಬರುತ್ತಲೇ ಉಕ್ಕಿ ನಿಂತ ಗಟಾರದ ನೀರಿನಲ್ಲಿ ಅವಳ ಕಾಲು ಹೋಯಿತು. ಹಾಸುಗಲ್ಲಿನ ಮೇಲೆ ಮಲ್ಲಕ್ಕನ ಅಂಗಡಿ ಇದ್ದುದರಿಂದ ಯಾರೂ ಆ ಗಟಾರ ಬಳಿದು ಸ್ವಚ್ಛ ಮಾಡಿರಲಿಲ್ಲ. ಮಳೆ ಬಂದರೆ ಸಾಲಿಯ ಮಕ್ಕಳು ಅಲ್ಲಿ ಜಿಗಿದೇ ದಾಟಬೇಕು. ಮಹಾನಂದಾ ಸೀರೆ ಹಿಂಡಿಕೊಳ್ಳುತ್ತ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಲ್ಲಕ್ಕನ ಮುಂದೆ ಕಾಗದ ಚಾಚಿ, ಕೋರ್ಟಿನಲ್ಲಿ ಏನೇನು ಬರೆಸಿದ್ದೀ ಎಂದು ಕೇಳಿದಳು. ಮಲ್ಲಕ್ಕ ಕೂತಲ್ಲಿಂದಲೇ ಬಾಯಿ ಅಗಲಿಸಿ, ಹಲ್ಲು ಕಿತ್ತ ಜಾಗ ತೋರಿಸಿದಳು.

“ಯಾವ ಕೋರ್ಟ್ ಬೇ? ನಾ ಹೋಗಿದ್ದು ಇದಕ್ಕ.”

ನಿಜಾಮಸಾಬನಿಗೆ ತನ್ನ ಪೇಪರಿನ ಗುರುತು ಸಿಕ್ಕಿತು. ರದ್ದಿಯ ರಾಶಿ ಕೆದರಿ ಇನ್ನರ್ಧ ಹಾಳೆ ತೆಗೆದು ಜೋಡಿಸಿದ, ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದ. “ವಾಷಿಂಗ್ಟನ್” ಎಂಬ ಮೊದಲ ಶಬ್ದ ಬೀಳುತ್ತಲೇ ಬೆಂಚು ಅಲುಗಾಡುವ ಹಾಗೆ ನಾವು ನಕ್ಕೆವು. ನನಗಂತೂ ಕಣ್ಣಲ್ಲಿ ನೀರು ಬಂತು. ನಗದವರು ಮೂವರೇ, ಗಂಡ, ಹೆಂಡತಿ ಮತ್ತು ಮಲ್ಲಕ್ಕ.

ಸುಭಾಸನ ಜೀವ ಮರಳಿತು. ಎದೆ ಸೆಟೆಸಿ ಮುಂದೆ ಬಂದ.

“ಹಂಗಾದ್ರ ತಡಿ ಇಲ್ಲ. ನನ್ನ ಆದೇಶ ಹಂಗ ಐತಿ.”

“ಆದೇಶ ಇತ್ತು ಯಾವಾಗ್ರಿ?” ಎಂದಳು ಮಹಾನಂದಾ.

ದನಿ ಏರಿಸಲಿಲ್ಲ. ಇಂಥದ್ದಕ್ಕೆ ಕೋರ್ಟು ಬೇಕಾಗಿಲ್ಲ, ಸಭೆ ಸಾಕು ಎಂದು ಹೇಳಿ, ಶುಕ್ರವಾರ ಸಭೆ ಕರೆಯಲು ಅಲ್ಲಾವುದ್ದೀನನಿಗೆ ಅಲ್ಲಿಯೇ ತಿಳಿಸಿದಳು. ಅಂಗಡಿ ಉಳಿಯುತ್ತದೋ ಇಲ್ಲವೋ ಎಂದು ನಾನು ಕೇಳಿದರೆ, ಅದನ್ನು ತಾನೊಬ್ಬಳೇ ಹೇಳಲಾಗದು, ಸದಸ್ಯರು ಕೂತು ಹೇಳಬೇಕು ಎಂದಳು. ಮಲ್ಲಕ್ಕನ ಮುಖ ಮತ್ತೆ ಸಣ್ಣದಾಯಿತು. ಗಂಡನ ಸಿಟ್ಟಿನಿಂದ ಪಾರಾಗಿ ಹೆಂಡತಿಯ ನ್ಯಾಯಕ್ಕೆ ಸಿಕ್ಕಿದ್ದಳು. ಗಟಾರದ ಮೇಲೆ ಕೂತಿರುವುದಂತೂ ನಿಜವಾಗಿತ್ತು.

ಶುಕ್ರವಾರ ಮಹಾನಂದಾ ದೊಡ್ಡ ಕುರ್ಚಿಯಲ್ಲಿ ಕೂತಳು. ಕುರ್ಚಿ ಸುಭಾಸನ ಎತ್ತರಕ್ಕೆ ಇದ್ದುದರಿಂದ ಅವಳ ಕಾಲು ನೆಲಕ್ಕೆ ಎಟಕಲಿಲ್ಲ. ಅಲ್ಲಾವುದ್ದೀನ ಕಾಲಡಿಗೆ ಒಂದು ಹಲಗೆ ತಂದಿಟ್ಟ. ತಿರುವಿ ನೋಡಿದರೆ ಅದು ‘ಅಧ್ಯಕ್ಷರು’ ಎಂದು ಬರೆದ ಗಾಡಿಯ ಹಲಗೆ. ಯಾವಾಗ ಬಿಚ್ಚಿದ್ದನೋ, ಕೇಳಿದರೆ ತನಗೆ ಇಬ್ಬರದೂ ನೌಕರಿ ಎಂದ. ಅಧ್ಯಕ್ಷರ ಗಂಡ ಸಭೆಯಲ್ಲಿ ಕೂಡುವಂತಿಲ್ಲ ಎಂಬ ಸರಕಾರದ ಸುತ್ತೋಲೆಯೊಂದು ಪಿಡಿಒ ಸಾಹೇಬರ ಕಪಾಟಿನಲ್ಲಿ ಬಹಳ ದಿನದಿಂದ ಮಲಗಿತ್ತು. ಅಂದು ಅದಕ್ಕೂ ಎಚ್ಚರವಾಯಿತು. ಸುಭಾಸ ಹೊರಗಿನ ಕಟ್ಟೆಗೆ ಬಂದ. ಕಟ್ಟೆಯ ಮೇಲೆ, ಅಂಗಡಿಯ ಗತಿ ಏನಾಗುತ್ತದೋ ಎಂದು ಈರಬಸಪ್ಪ ಕೂತಿದ್ದ, ಪಕ್ಕದಲ್ಲಿ ನಾನು. ಸುಭಾಸನ ಮುಖ ನೋಡಿದರೆ ಅಳುತ್ತಾನೇನೋ ಎನಿಸುವಂತಿತ್ತು. ಆಗ ಈರಬಸಪ್ಪ, ಎಂದೂ ಬಾಯಿ ಬಿಡದವನು, ಅವನ ತೊಡೆಯ ಮೇಲೆ ಕೈಯಿಟ್ಟ.

“ಏನೂ ಆಗೂದಿಲ್ಲಪಾ ತಮ್ಮಾ. ಮೊದಲ ಮೊದಲ ಕಿವಿ ಬಿಸಿ ಆಗ್ತಾವ. ಆಮ್ಯಾಲ ಯಾರರ ಹೆಸರು ಹಿಡಿದು ಕರದ್ರ ಗಾಬರಿ ಆಗತೈತಿ.”

ಸುಭಾಸ ನಗಬೇಕೆಂದಿರಲಿಲ್ಲ, ಆದರೆ ನಕ್ಕ. ಕಮಾನಿನ ಮೇಲೆ ತನ್ನ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದಿದ್ದೆ ಎಂಬುದನ್ನೂ ತಾನಾಗಿಯೇ ಹೇಳಿದ. ನನಗೆ ಅವನ ಮೇಲೆ ಮೊದಲ ಸಲ ಪ್ರೀತಿ ಬಂತು.

ಸಭೆ ಮುಗಿದು ಠರಾವು ಆಯಿತು. ಕಮಾನು ಬೇಡ. ಗಟಾರ ಬಳಿಯಲೇಬೇಕು. ಮಲ್ಲಕ್ಕನ ಅಂಗಡಿ ಬಸ್ ಸ್ಟ್ಯಾಂಡಿನಲ್ಲೇ ಇರಲಿ, ಆದರೆ ಹಾಸುಗಲ್ಲು ಬಿಟ್ಟು ಹಿಂದೆ ಬೇವಿನ ಬುಡಕ್ಕೆ ಸರಿಯಬೇಕು. ಇದು ನ್ಯಾಯವೆಂದು ನನಗೂ ಅನ್ನಿಸಿತು. ಆದರೆ ಬೇವಿನ ಬುಡಕ್ಕೆ ಸರಿದರೆ ಬಸ್ಸಿನ ಕಿಟಕಿಯ ಕೈ ಎಟಕುವುದಿಲ್ಲ. ಮಲ್ಲಕ್ಕ ಒಪ್ಪುವಳೇ? ಶಾಸಕರಿಗೆ ಏಳದವಳು ಠರಾವಿಗೆ ಏಳುತ್ತಾಳೆಯೇ? ನಿಜಾಮಸಾಬ ಆ ಸಂಜೆ ಪೇಪರ್ ಬಿಚ್ಚದೆ ಕಾದು ಕೂತ.

ಮಹಾನಂದಾ ಒಬ್ಬಳೇ ನಡೆದು ಬಂದಳು. ಬಸ್ಸು ನಿಂತಿತ್ತು, ಕಡಾಯಿಯಲ್ಲಿ ಭಜಿ ಕುಣಿಯುತ್ತಿದ್ದವು. ಠರಾವನ್ನು ಅವಳು ಅಂಗಡಿಯ ಮುಂದೆ ನಿಂತು ಪೂರ್ತಿ ಓದಿದಳು. ಅಂಗಡಿ ಸರಿಸಲು ಪಂಚಾಯತಿಯ ಆಳುಗಳನ್ನು ಕಳಿಸುತ್ತೇನೆ, ಬಸ್ಸು ಇನ್ನೊಂದಿಷ್ಟು ಒಳಗೆ ಬಂದು ನಿಲ್ಲಲಿ ಎಂದು ಡಿಪೋಗೆ ಬರೆದು ಕೇಳುತ್ತೇನೆ, ಅವರಿಗೆ ಹುಕುಂ ಮಾಡುವ ಅಧಿಕಾರ ಮಾತ್ರ ನನಗಿಲ್ಲ ಎಂದೂ ಹೇಳಿದಳು. ಕಾಗದದ ಮೇಲೆ ಈ ಸಲ ಹಿಟ್ಟು ಇರಲಿಲ್ಲ.

ಮಲ್ಲಕ್ಕ ಝಾರಿ ಕೆಳಗಿಟ್ಟಳು. ಎರಡೂ ಕೈ ಮೊಣಕಾಲಿಗೆ ಊರಿ, ನಿಧಾನವಾಗಿ ಎದ್ದು ನಿಂತಳು. ಅಷ್ಟು ವರ್ಷ ಎದುರಿಗೆ ಅಂಗಡಿ ಇಟ್ಟುಕೊಂಡಿದ್ದರೂ ಅವಳು ಇಷ್ಟು ಕುಳ್ಳಿ ಎಂದು ನನಗೆ ಗೊತ್ತೇ ಇರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಆತ್ರಿ ಅಧ್ಯಕ್ಷರ. ನಾಳೆ ಸರೀತೀನ್ರಿ.”

ಮಹಾನಂದಾಳನ್ನು ಆ ಹೆಸರಿನಿಂದ ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ಅವಳು ಠರಾವಿನ ಕಾಗದ ಮಡಚಿದಳು, ಬಿಚ್ಚಿದಳು. ಆಮೇಲೆ ಮುಂದೆ ಬಗ್ಗಿ ಮಲ್ಲಕ್ಕನ ತೋಳು ಹಿಡಿದು ಮೆಲ್ಲಗೆ ಹೇಳಿದಳು:

“ಕುಂದರು ಬೇ ಯವ್ವಾ. ಎಣ್ಣಿ ಕಾದೈತಿ.”